ಉಪವಾಸದ ತೊಟ್ಟಿ

ಕಪ್ಪೆಯ ಕರುಳಿನ ಲೋಳೆಯ ಮೇಲೆ ಪಿಎಚ್.ಡಿ ಮಾಡುತ್ತಿದ್ದೇನೆ ಎಂದರೆ ಎದುರಿಗಿದ್ದವರು ಮೊದಲು 'ಶೀ' ಎನ್ನುತ್ತಾರೆ, ಆಮೇಲೆ 'ಅದರಿಂದ ಏನು ಉಪಯೋಗ' ಎಂದು ಕೇಳುತ್ತಾರೆ. ಎರಡಕ್ಕೂ ಉತ್ತರ ಕೊಡುವುದನ್ನು ನಾನು ಬಿಟ್ಟು ಬಹಳ ಕಾಲವಾಯಿತು. ಅಪ್ಪಯ್ಯ ಒಬ್ಬರೇ ಬೇರೆ ತರಹ ಕೇಳಿದವರು. ಕುಂದಾಪುರದ ಕಡೆಯಿಂದ ಮುಂಬೈಗೆ ಬಂದು ಗ್ರಾಂಟ್ ರೋಡಿನ ಹೋಟೆಲೊಂದರಲ್ಲಿ ಸಪ್ಲೈಯರ್ ಆಗಿ ಸೇರಿ, ಕೊನೆಗೆ ಅದೇ ಹೋಟೆಲಿನ ಗಲ್ಲಾದಲ್ಲಿ ಕೂತು ನಿವೃತ್ತರಾದ ಮನುಷ್ಯ. "ಕಪ್ಪಿ ಹೊಟ್ಟಿಗೆ ಲೋಳಿ ಎಂತಕ್ಕೆ ಹೆಣೆ?" ಅಂದರು.

"ತಿಂದದ್ದು ಜಾರಿ ಮುಂದೆ ಹೋಗಲಿಕ್ಕೆ ಅಪ್ಪಯ್ಯ. ಮತ್ತೆ ಹೊಟ್ಟೆಯ ಆಸಿಡ್ ಹೊಟ್ಟೆಯನ್ನೇ ಸುಡಬಾರದಲ್ಲ, ಅದಕ್ಕೆ."

"ಹಂಗಾರೆ ಕಾವ್ಲಿಗ್ ಎಣ್ಣಿ ಹಚ್ದಂಗೆ ಅನ್."

ಪ್ರಬಂಧದ ಪೀಠಿಕೆಯಲ್ಲಿ ನಾನು ಇಷ್ಟುದ್ದ ಬರೆದದ್ದೂ ಅದನ್ನೇ. ಆಮೇಲೆ ಹೋಟೆಲಿನವರ ಎದುರು ಅವರು ನನ್ನನ್ನು ಗೇಲಿ ಮಾಡುತ್ತಿದ್ದರು, "ನಮ್ಮ ಭಟ್ರು ಈರುಳ್ಳಿ ಕೊಯ್ದದ್ದಕ್ಕಿಂತ ಜಾಸ್ತಿ ಇವ್ಳ್ ಕಪ್ಪಿ ಕೊಯ್ದಿದ್ಲ್" ಎಂದು. ಸುಳ್ಳು. ಈಗಿನ ಕಾಲದಲ್ಲಿ ಒಂದು ಕಪ್ಪೆ ಮುಟ್ಟಬೇಕಾದರೂ ಪ್ರಾಣಿಪ್ರಯೋಗದ ಸಮಿತಿಯ ಅನುಮತಿ ಬೇಕು, ಅರಣ್ಯ ಇಲಾಖೆಯ ಅನುಮತಿ ಬೇಕು. ನನಗೆ ಸಿಕ್ಕಿದ್ದು ಬೆರಳೆಣಿಕೆಯಷ್ಟು ಕಪ್ಪೆಗಳಿಗೆ, ಅದೂ ಒಂದೇ ಸಲಕ್ಕೆ. ಮತ್ತೆ ಕೇಳಿದರೆ ಕೊಡುವುದಿಲ್ಲ ಎಂದು ಸಮಿತಿಯವರು ಬಾಯಿಬಿಟ್ಟೇ ಹೇಳಿದ್ದರು.

ನನ್ನ ಪ್ರಶ್ನೆ ದೊಡ್ಡದೇನಲ್ಲ. ಕರುಳಿನ ಒಳಗೋಡೆಯಲ್ಲಿ ಆಹಾರ ಹೀರುವ ಜೀವಕೋಶಗಳ ನಡುನಡುವೆ ಲೋಳೆ ಮಾಡುವ ಜೀವಕೋಶಗಳು ನಿಂತಿರುತ್ತವೆ. ಮೇಲೆ ಅಗಲ, ಕೆಳಗೆ ಸಪುರ, ಹಳೆಯ ಕಾಲದ ಸ್ಟೀಲ್ ಲೋಟದ ಹಾಗೆ. ಲೋಟ ತುಂಬಿದಾಗ ಲೋಳೆಯನ್ನು ಕರುಳಿನೊಳಕ್ಕೆ ಚೆಲ್ಲುತ್ತವೆ, ಮತ್ತೆ ತುಂಬಿಕೊಳ್ಳುತ್ತವೆ. ಉಂಡ ಕಪ್ಪೆಯಲ್ಲಿ ಇದು ಸರಿ. ಕಪ್ಪೆ ಉಪವಾಸವಿದ್ದರೆ? ಹಾದುಹೋಗಲು ಏನೂ ಇಲ್ಲದ ಕರುಳಿಗೂ ಅವು ಲೋಳೆ ಮಾಡುತ್ತಲೇ ಇರುತ್ತವೆಯೇ, ಇಲ್ಲ ಕೈಬಿಟ್ಟು ಕೂರುತ್ತವೆಯೇ? ಇಷ್ಟನ್ನು ನೋಡಿ ಬರೆದುಕೊಟ್ಟರೆ ಪದವಿ. ಪದವಿ ಬಂದರೆ, ವರ್ಷವರ್ಷವೂ ಗುತ್ತಿಗೆಯ ಮೇಲೆ ಪಾಠ ಮಾಡುತ್ತಿದ್ದ ಕಾಲೇಜಿನಲ್ಲಿ ಖಾಯಂ ಹುದ್ದೆಯ ಸಂದರ್ಶನಕ್ಕೆ ನನ್ನ ಹೆಸರು. ಆ ಹುದ್ದೆ ಖಾಲಿಯಾದದ್ದು ಅದೇ ವರ್ಷ.

ಮಳೆ ಹಿಡಿದ ಮೇಲೆ ಊರ ಹೊರಗಿನ ಹೊಂಡವೊಂದರಿಂದ ಕಪ್ಪೆಗಳು ಬಂದವು. ಕಂದು ಬಣ್ಣದ ಸಾಮಾನ್ಯ ಕಪ್ಪೆ, ಹೆದರಿದರೆ ನೀರಿನ ಮೇಲೆಯೇ ಜಾರಿ ಓಡುವ ಜಾತಿ. ಅರ್ಧ ಕಪ್ಪೆಗಳಿಗೆ ಎರೆಹುಳ, ಮಿಡತೆ ಹಾಕುವುದು. ಇನ್ನರ್ಧಕ್ಕೆ ಮೂರು ವಾರ ನೀರು ಮಾತ್ರ. ಕಪ್ಪೆಗೆ ಅದೇನು ಹೆಚ್ಚಲ್ಲ, ಬೇಸಿಗೆಯಲ್ಲಿ ತಿಂಗಳುಗಟ್ಟಲೆ ಮಣ್ಣಿನಡಿ ಉಪವಾಸ ಇರುವ ಪ್ರಾಣಿ. ಉಪವಾಸದ ತೊಟ್ಟಿಯಲ್ಲಿ ಗಾಜಿನ ತಡೆ ಹಾಕಿ ಒಂದೊಂದಕ್ಕೂ ಒಂದೊಂದು ಕೋಣೆ ಮಾಡಿದ್ದೆ. ಮೇಲೆ ಎಲ್ಲ ಕೋಣೆಗೂ ಸೇರಿ ಒಂದೇ ಜಾಳಿಯ ಮುಚ್ಚಳ. ಅದಕ್ಕೆ ಕೆಂಪು ಅಕ್ಷರದಲ್ಲಿ, ಮರಾಠಿ ಮತ್ತು ಇಂಗ್ಲಿಷಿನಲ್ಲಿ, 'ಆಹಾರ ಹಾಕಬಾರದು' ಎಂದು ಬರೆದು ಅಂಟಿಸಿದೆ.

ದಿನಾ ತೊಟ್ಟಿಯ ನೀರು ಬದಲಿಸುವ ಕೆಲಸ ಲ್ಯಾಬಿನ ಮಾವಶಿಯದು. ಕೆಲಸದ ಹೆಂಗಸನ್ನು ಇಲ್ಲಿ ಎಲ್ಲರೂ ಕರೆಯುವುದು ಹಾಗೇ, ಮರಾಠಿಯಲ್ಲಿ ಚಿಕ್ಕಮ್ಮ ಎಂದು. ಗುತ್ತಿಗೆಯ ಹೆಂಗಸು, ಐವತ್ತರ ಮೇಲಿನ ವಯಸ್ಸು, ಬಿಜಾಪುರದ ಕಡೆಯವಳು, ವಡಾಳಾದ ಚಾಳೊಂದರಲ್ಲಿ ಮನೆ. ಇಡೀ ವಿಭಾಗದಲ್ಲಿ ನಾನೂ ಅವಳೂ ಇಬ್ಬರೇ ಕನ್ನಡದವರು, ಆದರೂ ಮೊದಮೊದಲು ಅವಳ ಕನ್ನಡ ನನಗೆ, ನನ್ನದು ಅವಳಿಗೆ ಅರ್ಧ ಮಾತ್ರ ತಿಳಿಯುತ್ತಿತ್ತು. ಅವಳಿಗೆ ಓದು ಬರುವುದಿಲ್ಲವೆಂದು ಆ ಕೆಂಪು ಚೀಟಿಯನ್ನು ನಾನೇ ಓದಿ ಹೇಳಿದೆ.

"ಮೂರು ವಾರಾನ್ರಿ?" ಅಂದಳು. "ಏಕಾದಶಿಗೂ ಮರುದಿನ ಊಟ ಇರ್ತದಲ್ರಿ ಬಾಯಾರ."

"ಕಪ್ಪೆಗೆ ಏನೂ ಆಗುವುದಿಲ್ಲ ಮಾವಶಿ."

"ಅದಕ್ಕ ನೀವು ಕೇಳೀರೇನು?" ಎಂದು ನಕ್ಕು ಬಕೆಟ್ ಎತ್ತಿಕೊಂಡು ಹೋದಳು. ನಾನೂ ನಕ್ಕೆ.

ಉಪವಾಸ ಶುರುವಾದ ವಾರವೇ ಅಪ್ಪಯ್ಯನಿಗೆ ಹೊಟ್ಟೆ ಕಟ್ಟಿತು. ವಾಂತಿ ನಿಲ್ಲಲಿಲ್ಲ. ಪರೇಲ್ ಕಡೆಯ ಆಸ್ಪತ್ರೆಗೆ ಸೇರಿಸಿದೆವು. ಕರುಳಿನಲ್ಲಿ ಗಡ್ಡೆ, ದಾರಿ ಮುಚ್ಚಿಹೋಗಿದೆ ಎಂದರು. ಹೃದಯ ದುರ್ಬಲ, ಈ ವಯಸ್ಸಿನಲ್ಲಿ ಕೊಯ್ಯುವುದು ಕಷ್ಟ, ಸ್ವಲ್ಪ ಸುಧಾರಿಸಿದರೆ ನೋಡೋಣ ಎಂದರು. ಮೂಗಿನಿಂದ ನಳಿಗೆ ಇಳಿಸಿ ಹೊಟ್ಟೆಯಲ್ಲಿ ನಿಂತದ್ದನ್ನು ಚೀಲಕ್ಕೆ ತೆಗೆಯುತ್ತಿದ್ದರು. ತಲೆಯ ಕಡೆ ಮಂಚಕ್ಕೆ ಒಂದು ರಟ್ಟು ತೂಗುಹಾಕಿದ್ದರು, ಬಾಯಿಗೆ ಏನೂ ಕೊಡಬಾರದು ಎಂದು. ಅದೂ ಕೆಂಪು ಅಕ್ಷರ. ನೋಡಿದೆ, ನೋಡಿ ಏನೂ ಅನ್ನಿಸಲಿಲ್ಲ. ಆ ದಿನಗಳಲ್ಲಿ ನನಗೆ ಏನೂ ಅನ್ನಿಸುತ್ತಿರಲಿಲ್ಲ. ಬೆಳಿಗ್ಗೆ ಕಾಲೇಜು, ಸಂಜೆ ಲೋಕಲ್ ರೈಲು ಹಿಡಿದು ಆಸ್ಪತ್ರೆ, ದಾದರಿನಲ್ಲಿ ಜನ ನೂಕಿದ ಕಡೆ ಇಳಿಯುವುದು, ನೂಕಿದ ಕಡೆ ಹತ್ತುವುದು.

ಅಪ್ಪಯ್ಯ ಬುದ್ಧಿಯಲ್ಲಿ ಚುರುಕಾಗಿಯೇ ಇದ್ದರು. ಅದೇ ಕಷ್ಟ. "ಒಂದ್ ಚಮ್ಚ ಗಂಜಿ ತಿಳಿ ಕೊಡ್ ಕಾಂಬ" ಅಂದರು. ಇಲ್ಲ ಅಂದೆ. "ಒಳ್ಗ್ ಹೋಯ್ದಿದ್ರ್ ಬ್ಯಾಡ. ಬಾಯಿಗಾರೂ ಹಾಕ್." ಇಲ್ಲ ಅಂದೆ. ನರ್ಸ್ ಕೊಟ್ಟಿದ್ದ ಒದ್ದೆ ಹತ್ತಿಯಿಂದ ತುಟಿ ಒರೆಸಿದೆ. ಅವರು ಹತ್ತಿಯನ್ನೇ ಚೀಪಲು ನೋಡಿದರು. ನಾನು ಎಳೆದುಕೊಂಡೆ. ಒಳಗೆ ಹೋದ ಹನಿಯೂ ಮೇಲಕ್ಕೇ ಬರುತ್ತದೆ, ಶ್ವಾಸಕೋಶಕ್ಕೆ ಇಳಿದರೆ ಪ್ರಾಣವೇ ಹೋಗುತ್ತದೆ ಎಂದು ಡಾಕ್ಟರು ಹೇಳಿದ್ದರು, ಸರಿಯಾಗಿಯೇ ಹೇಳಿದ್ದರು. ಕರುಳಿನ ಬಗ್ಗೆ ನನಗೂ ಅಷ್ಟು ಗೊತ್ತು.

"ನಿನ್ನ ಕಪ್ಪಿಗಳ್ ಹ್ಯಾಂಗಿದೊ?" ಎಂದು ಕೇಳಿದರು.

"ಚೆನ್ನಾಗಿವೆ ಅಪ್ಪಯ್ಯ. ಅರ್ಧ ಉಪವಾಸ ಇವೆ."

ಕಣ್ಣು ಮುಚ್ಚಿಯೇ ನಕ್ಕರು. "ಅವ್ಕೂ ಉಪಾಸ, ನಂಗೂ ಉಪಾಸ. ನಿನ್ನ ಕೈಗ್ ಸಿಕ್ಕದ್ದೆಲ್ಲ ಉಪಾಸವೇ ಹೆಣೆ."

ಹಸಿದವರನ್ನು ಬಾಗಿಲಿನಿಂದ ವಾಪಸ್ ಕಳಿಸಬಾರದು ಎಂದು ಗಲ್ಲಾದಲ್ಲಿ ಕೂತು ಸಪ್ಲೈಯರುಗಳಿಗೆ ಬಯ್ಯುತ್ತಿದ್ದ ಮನುಷ್ಯ. ಯಾರೇ ಸಿಗಲಿ, ಅವರ ಮೊದಲ ಮಾತು 'ಉಂಡಾಯ್ತಾ' ಎಂದೇ. ಮರುದಿನ ಲ್ಯಾಬಿನಲ್ಲಿ ಮಾವಶಿ ನನ್ನ ಮುಖ ನೋಡಿ ಏನಾಯಿತು ಎಂದು ಕೇಳಿದಳು. ತೊಟ್ಟಿಯ ಪಕ್ಕ ನಿಂತು ಎಲ್ಲ ಹೇಳಿದೆ. ಗಂಜಿ ಕೇಳಿದ್ದು, ಹತ್ತಿ ಚೀಪಿದ್ದು, ಎಲ್ಲವನ್ನೂ. ಮೀನುಮಾರ್ಕೆಟ್ಟಿನಲ್ಲಿ ಪೇಟೆಧಾರಣೆ ಹೇಳುವ ಹಾಗೆ ಹೇಳಿದೆ. ಅವಳು ನೀರು ಬದಲಿಸಿ ನೆಲ ಒರೆಸಿ ಹೋದಳು.

ಮೂರು ವಾರ ಮುಗಿದ ದಿನ ಆಸ್ಪತ್ರೆಯಿಂದ ಸೀದಾ ಲ್ಯಾಬಿಗೆ ಬಂದು ಕೊಯ್ಯುವ ಕೆಲಸ ಮುಗಿಸಿದೆ. ನೀರಿಗೆ ಅರಿವಳಿಕೆ ಬೆರೆಸಿ, ಕಪ್ಪೆ ಪೂರ್ತಿ ಶಾಂತವಾದ ಮೇಲೆ ಹೊಟ್ಟೆ ತೆರೆಯುವುದು. ಅನ್ನನಾಳ, ಜಠರ, ಸಣ್ಣ ಕರುಳಿನ ಮೊದಲು ಮತ್ತು ಕೊನೆ, ದೊಡ್ಡ ಕರುಳು. ಐದೂ ಕಡೆಯಿಂದ ಬೆರಳುಗುರಿನಷ್ಟು ತುಂಡು. ಉಪವಾಸದ ಕಪ್ಪೆಗಳ ಜಠರ ಬರಿದಾಗಿ ಮಡಿಚಿಕೊಂಡಿತ್ತು, ನಿರೀಕ್ಷಿಸಿದ ಹಾಗೆಯೇ. ದೊಡ್ಡ ಕರುಳನ್ನು ಸೀಳಿ ನೋಡಲಿಲ್ಲ. ಸೀಳಿದರೆ ಒಳಗಿನ ಲೋಳೆ ತೊಳೆದುಹೋಗುತ್ತದೆ, ಕೊಳವೆಯ ಹಾಗೇ ದ್ರಾವಣಕ್ಕೆ ಹಾಕಬೇಕು. ನೀರಿನಂಶ ಇರುವ ಫಾರ್ಮಲಿನ್‌ನಲ್ಲಿ ಲೋಳೆ ಸ್ವಲ್ಪ ಕರಗುತ್ತದೆಂದು ಆಲ್ಕೋಹಾಲ್ ಮತ್ತು ಅಸಿಟಿಕ್ ಆಮ್ಲ ಸೇರಿದ ದ್ರಾವಣ ಮಾಡಿಟ್ಟಿದ್ದೆ. ಉಪವಾಸದ ಗುಂಪಿನಲ್ಲಿ ಒಂದನ್ನು ಮಾತ್ರ ಕೊಯ್ಯಲಿಲ್ಲ. ಯಾವುದಾದರೂ ತುಂಡು ಕೆಟ್ಟರೆ ಇರಲಿ ಎಂದು ಅನುಮತಿಯಲ್ಲೇ ಒಂದು ಹೆಚ್ಚುವರಿ ಕೇಳಿಕೊಂಡಿದ್ದೆ. ಯಾವ ತುಂಡೂ ಕೆಡಲಿಲ್ಲ, ಅದು ತೊಟ್ಟಿಯಲ್ಲೇ ಉಳಿಯಿತು. ಇನ್ನು ಅದಕ್ಕೆ ಹುಳ ಹಾಕಬಹುದು ಎಂದು ಮಾವಶಿಗೆ ಹೇಳಿ ಆಸ್ಪತ್ರೆಗೆ ಓಡಿದೆ.

ಅಪ್ಪಯ್ಯ ಆ ವಾರ ಹೋದರು. ಗಂಜಿ ಕೇಳುವುದನ್ನು ಅದಕ್ಕೆ ಎರಡು ದಿನ ಮೊದಲೇ ನಿಲ್ಲಿಸಿದ್ದರು. ಹದಿಮೂರರ ದಿನ ಎಲೆಯ ತುದಿಗೆ ಅವರಿಗಿಷ್ಟವಾದದ್ದೆಲ್ಲ ಬಡಿಸಿದೆವು. ಗ್ರಾಂಟ್ ರೋಡ್ ಹೋಟೆಲಿನವರೇ ಅಡುಗೆ ಮಾಡಿಕೊಟ್ಟರು. ಎಲ್ಲರೂ ಅತ್ತರು. ನನಗೆ ಅಳು ಬರಲಿಲ್ಲ. 'ಓದಿದವಳು, ಗಟ್ಟಿ' ಎಂದು ಯಾರೋ ಹೇಳಿದ್ದು ಕೇಳಿಸಿತು. ಗಟ್ಟಿಯೂ ಅಲ್ಲ ಮಣ್ಣೂ ಅಲ್ಲ. ಲ್ಯಾಬಿನಲ್ಲಿ ಕರುಳಿನ ತುಂಡುಗಳು ಆಲ್ಕೋಹಾಲಿನ ಬಾಟಲಿಯಲ್ಲಿ ಕೂತಿದ್ದವು, ಅದರಲ್ಲಿ ಇಟ್ಟದ್ದು ಎಷ್ಟು ದಿನವಾದರೂ ಕೆಡುವುದಿಲ್ಲ, ಬದಲಾಗುವುದೂ ಇಲ್ಲ. ನಾನೂ ಹಾಗೇ ಇದ್ದೆ.

ವಾಪಸ್ ಬಂದು ಕೆಲಸ ಹಿಡಿದೆ. ಆಲ್ಕೋಹಾಲ್ ಹಂತಹಂತವಾಗಿ ಏರಿಸಿ ತುಂಡಿನ ನೀರು ತೆಗೆಯುವುದು, ಝೈಲೀನಿನಲ್ಲಿ ಪಾರದರ್ಶಕ ಮಾಡುವುದು, ಕರಗಿದ ಮೇಣದಲ್ಲಿ ಮುಳುಗಿಸಿ ಅಚ್ಚು ಹಾಕುವುದು. ಆಮೇಲೆ ಮೈಕ್ರೋಟೋಮ್. ಅದೊಂದು ತಿರುಗುವ ಚಕ್ರದ ಯಂತ್ರ. ಒಂದು ಸುತ್ತಿಗೆ ಮೇಣದ ಅಚ್ಚು ಬ್ಲೇಡಿನ ಮೇಲೆ ಒಮ್ಮೆ ಇಳಿಯುತ್ತದೆ, ಕೂದಲಿಗಿಂತ ತೆಳ್ಳಗಿನ ಒಂದು ಪದರ ಬರುತ್ತದೆ. ಪದರಕ್ಕೆ ಪದರ ಅಂಟಿಕೊಂಡು ರಿಬ್ಬನ್ನಿನ ಹಾಗೆ ಇಳಿಯಬೇಕು. ಮುಂಬೈಯ ಮಳೆಗಾಲದಲ್ಲಿ ಅದು ಸುಲಭದಲ್ಲಿ ಇಳಿಯುವುದಿಲ್ಲ. ಮೇಣ ಮೆತ್ತಗಾಗುತ್ತದೆ, ರಿಬ್ಬನ್ ಮುದುಡುತ್ತದೆ. ಕ್ಯಾಂಟೀನಿನಿಂದ ಐಸ್ ತಂದು ಅಚ್ಚನ್ನು ಅದರ ಮೇಲೆ ಕೂರಿಸಿ ಕೂರಿಸಿ ಕೊಯ್ದೆ.

ಉಂಡ ಕಪ್ಪೆಗಳದ್ದು ಹೇಗೋ ಮುಗಿಯಿತು. ಉಪವಾಸದ ಗುಂಪಿನ ದೊಡ್ಡ ಕರುಳಿಗೆ ಬಂದಾಗ ರಿಬ್ಬನ್ನಿನ ಉದ್ದಕ್ಕೂ ಒಂದು ಗೀರು ಬೀಳತೊಡಗಿತು. ಬ್ಲೇಡಿನ ಬಾಯಿ ಹಾರಿದ್ದರೆ ಹಾಗಾಗುತ್ತದೆ. ಬ್ಲೇಡ್ ಸರಿಸಿದೆ. ಗೀರು ಅಲ್ಲೇ. ಹೊಸ ಬ್ಲೇಡ್ ಹಾಕಿದೆ. ಗೀರು ಅಲ್ಲೇ, ಕೊಳವೆಯ ನಟ್ಟನಡುವೆ. ಹಾಗಾದರೆ ತಪ್ಪು ಬ್ಲೇಡಿನದಲ್ಲ, ಅಚ್ಚಿನಲ್ಲೇ ಏನೋ ಗಟ್ಟಿ ಉಂಟು. ಕಲ್ಲೋ ಮರಳೋ ನುಂಗಿರಬೇಕು, ಹೊಂಡದ ಕಪ್ಪೆ ತಾನೇ, ಎಂದುಕೊಂಡೆ. ಆ ಅಚ್ಚನ್ನು ಬದಿಗಿಟ್ಟು ಉಳಿದವನ್ನು ಕೊಯ್ದೆ. ಆಗಲೇ ನಿಂತು ಯೋಚಿಸಬೇಕಿತ್ತು. ಯೋಚನೆ ಮಾಡುವ ಶಕ್ತಿ ಇರಲಿಲ್ಲ, ಕೈ ಮಾತ್ರ ಓಡುತ್ತಿತ್ತು.

ಬಣ್ಣ ಹಾಕುವುದು ನನಗೆ ಇಷ್ಟದ ಕೆಲಸ. ಮೊದಲು ನೀಲಿ. ಅದು ಆಮ್ಲಗುಣದ ಲೋಳೆಯನ್ನು ಹಿಡಿಯುತ್ತದೆ. ಆಮೇಲೆ ಪೆರಿಯೋಡಿಕ್ ಆಮ್ಲದಲ್ಲಿ ಅದ್ದಿ, ಶಿಫ್ ದ್ರಾವಣದಲ್ಲಿ ಕತ್ತಲೆಗಿಟ್ಟು, ಉಗುರುಬೆಚ್ಚಗಿನ ನೀರು ಹರಿಸಿದರೆ ಇನ್ನೊಂದು ಬಗೆಯ ಲೋಳೆ ಗಾಢ ಗುಲಾಬಿಯಾಗಿ ಮೇಲೇಳುತ್ತದೆ. ಎರಡೂ ಇದ್ದ ಕಡೆ ನೇರಳೆ. ಜಠರದ ಒಳಪದರ ಗುಲಾಬಿ ಅಂಚಿನ ಸೆರಗಿನ ಹಾಗೆ ಕಾಣುತ್ತದೆ. ಕರುಳಿಗೆ ಬಂದರೆ ಸಾಲಾಗಿ ನಿಂತ ಲೋಟಗಳು, ಕೆಳಗೆ ಹೋದಷ್ಟೂ ಹೆಚ್ಚು ಲೋಟ, ಹೆಚ್ಚು ನೀಲಿ.

ಎರಡೂ ಗುಂಪು ಪಕ್ಕಪಕ್ಕ ಇಟ್ಟು ಮೈಕ್ರೋಸ್ಕೋಪಿನಲ್ಲಿ ನೋಡಿದೆ. ವ್ಯತ್ಯಾಸವೇ ಇರಲಿಲ್ಲ. ಉಪವಾಸದ ಕಪ್ಪೆಯಲ್ಲೂ ಅಷ್ಟೇ ಲೋಟಗಳು, ಅಷ್ಟೇ ತುಂಬಿದವು. ನನ್ನ ಗೈಡ್ ಮ್ಯಾಡಮ್ ಕಣ್ಣು ಮಸೂರದಿಂದ ತೆಗೆಯದೆಯೇ "ವಾಹ್" ಅಂದರು. ಅವರು ಮರಾಠಿಯವರು, ನಮ್ಮ ಮಾತೆಲ್ಲ ಹಿಂದಿ ಇಂಗ್ಲಿಷಿನಲ್ಲಿ. ಹೊಟ್ಟೆ ಖಾಲಿಯಿದ್ದರೂ ಲೋಳೆಯ ಕೆಲಸ ನಿಲ್ಲುವುದಿಲ್ಲ ಎಂದು ಸಾಬೀತಾಯಿತು, ಇದು ಒಳ್ಳೆಯ ಫಲಿತಾಂಶ, ಬೇಗ ಬರೆದು ಮುಗಿಸು, ಸಂದರ್ಶನದ ಮೊದಲು ಒಪ್ಪಿಸಿಬಿಡೋಣ ಎಂದರು. ಖಾಲಿ ಹೊಟ್ಟೆಯಲ್ಲೂ ಮೈ ತನ್ನ ಕೆಲಸ ತಾನು ಮಾಡುತ್ತಿರುತ್ತದೆ ಎಂಬುದು ನನಗೂ ನಂಬುವ ಮಾತಾಗಿತ್ತು. ನಾನು ಹಾಗೆಯೇ ಅಲ್ಲವೇ ಓಡಾಡುತ್ತಿದ್ದದ್ದು. ಬರೆದೆ, ಅಧ್ಯಾಯ ಮುಗಿಸಿದೆ.

ಚಿತ್ರಗಳಿಗೆ ಒಂದು ದೊಡ್ಡ ಕರುಳಿನ ಫೋಟೊ ಕಡಿಮೆ ಬಿತ್ತು. ಬದಿಗಿಟ್ಟಿದ್ದ ಆ ಗೀರಿನ ಅಚ್ಚನ್ನು ತೆಗೆದು, ಗೀರು ಬಿದ್ದರೂ ಬೀಳಲಿ ಎಂದು ಕೊಯ್ದು ಬಣ್ಣ ಹಾಕಿದೆ. ಮಸೂರದಡಿ ಕೊಳವೆಯ ನಡುವೆ, ನೀಲಿ ಲೋಳೆಯಲ್ಲಿ ಸುತ್ತಿಕೊಂಡು, ಜೇನಿನ ಬಣ್ಣದ ಒಂದು ದಪ್ಪ ಸಿಪ್ಪೆ ಕೂತಿತ್ತು. ಯಾವ ಬಣ್ಣವನ್ನೂ ಹೀರದೆ ತನ್ನದೇ ಬಣ್ಣದಲ್ಲಿತ್ತು. ಅದರ ಅಂಚಿಗೆ ಚೂಪಾದ ಮುಳ್ಳುಗಳು. ಹೋಟೆಲಿನ ಅಡುಗೆಮನೆಯಲ್ಲಿ ಆಡಿ ಬೆಳೆದವಳಿಗೆ ಜಿರಳೆಯ ಕಾಲು ಗೊತ್ತಾಗದೆ ಇರುತ್ತದೆಯೇ? ಗೊತ್ತಾಯಿತು. ಮೂರು ವಾರ ಏನೂ ತಿನ್ನದ ಕಪ್ಪೆಯ ಕರುಳಿನಲ್ಲಿ ಜಿರಳೆಯ ಕಾಲು ಉಳಿಯುವುದಿಲ್ಲ. ಅದು ತಿಂದಿದೆ, ಮೊನ್ನೆಮೊನ್ನೆಯವರೆಗೂ ತಿಂದಿದೆ.

ಉಳಿದ ಅಚ್ಚುಗಳನ್ನು ಇನ್ನೂ ಆಳಕ್ಕೆ ಕೊಯ್ದೆ. ಇನ್ನೊಂದರಲ್ಲಿ ರೆಕ್ಕೆಯ ಚೂರು ಸಿಕ್ಕಿತು. ಮಿಕ್ಕವುಗಳಲ್ಲಿ ಏನೂ ಸಿಗಲಿಲ್ಲ. ಎದ್ದು ಹೋಗಿ ಸಿಂಕಿನ ಬಳಿ ಗಾಜಿನ ಸಾಮಾನು ತೊಳೆಯುತ್ತಿದ್ದ ಮಾವಶಿಯ ಪಕ್ಕ ನಿಂತೆ.

"ಮಾವಶಿ, ಉಪವಾಸದ ಕಪ್ಪೆಗಳಿಗೆ ಜಿರಳೆ ಹಾಕಿದ್ದು ಉಂಟಾ?"

ಅವಳು ನಲ್ಲಿ ನಿಲ್ಲಿಸಿದಳು. "ಹೌದ್ರಿ. ನಾನ ಹಾಕೀನಿ. ಸುಳ್ಳ ಯಾಕ ಹೇಳ್ಲಿ."

"ಎಷ್ಟಕ್ಕೆ ಹಾಕಿದ್ದೀರಿ? ಒಂದಕ್ಕಾ, ಎರಡಕ್ಕಾ?"

"ಎಲ್ಲಾಕೂ ರೀ. ಒಂದಕ್ಕ ಹಾಕಿ ಒಂದಕ್ಕ ಬಿಡೂದು ಹೆಂಗ್ರಿ? ಪಂಕ್ತಿಯೊಳಗ ಭೇದ ಮಾಡಬಾರದಲ್ರಿ. ಮೋರಿ ಹಂತ್ಯಾಕ ಹಿಡದು ಡಬ್ಬ್ಯಾಗ ಇಟಗೋತಿದ್ದೆ. ಕಡೀಕ ಬಿಲ್ಡಿಂಗಿಗೆ ಜಿರಳಿ ಔಷಧಿ ಹೊಡದ್ರಲ್ಲ, ವಿಷದ್ದು ತಿಂದು ಸತ್ತಾವು ಅಂತ ಆವಾಗ ಬಿಟ್ಟೆ."

ಅದಕ್ಕೇ ಕೊಯ್ದ ದಿನ ಜಠರ ಖಾಲಿ ಇದ್ದದ್ದು. ನನ್ನ ಫಲಿತಾಂಶ ಇಷ್ಟೇ ಆಗಿತ್ತು, ಊಟ ಮಾಡಿದ ಕಪ್ಪೆಗೂ ಊಟ ಮಾಡಿದ ಕಪ್ಪೆಗೂ ವ್ಯತ್ಯಾಸವಿಲ್ಲ ಎಂದು. ಸಿಟ್ಟು ಬರಬೇಕಿತ್ತು, ಬರಲಿಲ್ಲ. ಬಾಯಿ ಮಾತ್ರ ಕೇಳಿತು, "ಹಾಕಬಾರದು ಎಂದು ಹೇಳಿದ್ದೆನಲ್ಲ. ಯಾಕೆ ಹಾಕಿದಿರಿ?"

ಮಾವಶಿ ಸೆರಗಿನಿಂದ ಕೈ ಒರೆಸಿಕೊಂಡಳು. "ಮೊದಲಿಗೆ ಹಾಕಿರಲಿಲ್ರಿ. ನಿಮ್ಮಪ್ಪಾರ ಹೊಟ್ಟಿಗೆ ಏನೂ ಇಲ್ಲ, ಗಂಜಿ ಬೇಡತಾರ, ಕೊಡಾಕ ಬರೂದಿಲ್ಲ ಅಂತ ನೀವ ಹೇಳಿದ್ರಲ್ಲ, ಅವತ್ತಿಂದ ಹಾಕಿದೆ. ದವಾಖಾನ್ಯಾಗ ನಿಮ್ಮ ಕೈ ಕಟ್ಟ್ಯಾರ. ಇಲ್ಲಿ ನನ್ನ ಕೈ ಯಾರ್ ಕಟ್ಟ್ಯಾರ್ರಿ? ಹಸದ ಜೀವಕ್ಕ ಅವರ ಹೆಸರ್ಲೆ ಒಂದ ತುತ್ತ ಹಾಕಿದ್ರ ಅವರಿಗೆ ಮುಟ್ಟತದ ಅಂತಿದ್ಳು ನಮ್ಮವ್ವ. ಅವರ ಹೆಸರ ಗೊತ್ತಿರಲಿಲ್ಲ ನನಗ. 'ಬಾಯಾರ ಅಪ್ಪಾರಿಗೆ' ಅಂದ ಹಾಕ್ತಿದ್ದೆ."

ತೊಳೆದಿಟ್ಟಿದ್ದ ಒಂದು ಬೀಕರನ್ನು ಎತ್ತಿ ಮಗುಚಿಟ್ಟೆ. ಅವಳು ಕೇಳಿದಳು, "ನಿಮ್ಮ ಕೆಲಸ ಕೆಡ್ತೇನ್ರಿ?"

"ಸ್ವಲ್ಪ" ಅಂದೆ.

ಸ್ವಲ್ಪವಲ್ಲ, ಪೂರ್ತಿ. ಆ ದಿನ ಲೋಕಲಿನಲ್ಲಿ ಕೂತು ಲೆಕ್ಕ ಹಾಕಿದೆ. ಬಾಯಿ ಮುಚ್ಚಿಕೊಂಡಿದ್ದರೆ ಯಾರಿಗೂ ತಿಳಿಯುವುದಿಲ್ಲ. ಆ ಎರಡು ಅಚ್ಚು ಬಿಸಾಡಿದರೆ ಮುಗಿಯಿತು. ಮುಂದೆ ಇನ್ನಾರೋ ನನ್ನ ಪ್ರಬಂಧ ಓದಿ, ಹಸಿವಿನಿಂದ ಕರುಳಿಗೆ ಏನೂ ಆಗುವುದಿಲ್ಲವಂತೆ ಎಂದು ನಂಬುತ್ತಾರೆ, ಅಷ್ಟೇ. ಅಲ್ಲಿ ನನ್ನ ತಲೆ ನಿಂತಿತು. ಹಸಿವಿನಿಂದ ಏನೂ ಆಗುವುದಿಲ್ಲ ಎಂದು ನನ್ನ ಹೆಸರು ಹಾಕಿ ಬರೆದುಕೊಡುವುದು ನನ್ನಿಂದ ಆಗದ ಕೆಲಸ. ಇಷ್ಟು ದಿನಗಳಲ್ಲಿ ಸ್ಪಷ್ಟವಾಗಿ ಅನ್ನಿಸಿದ ಮೊದಲ ಸಂಗತಿ ಅದು.

ಮರುದಿನ ಮ್ಯಾಡಮ್ ಎದುರು ಸ್ಲೈಡ್ ಇಟ್ಟೆ. ನೋಡಿದರು, ಕನ್ನಡಕ ತೆಗೆದರು. "ಎರಡು ಕಪ್ಪೆ ತಾನೇ? ಅವೆರಡನ್ನು ಕೈಬಿಡು, ಉಳಿದದ್ದು ಇಟ್ಟುಕೋ" ಅಂದರು.

"ಎಲ್ಲವೂ ತಿಂದಿವೆ ಮ್ಯಾಡಮ್."

"ಹೇಗೆ ಗೊತ್ತು? ಯಾರಾದರೂ ಹಾಕಿದರಾ?"

ಯಾರು ಎಂದು ಹೇಳಿದರೆ ಮಾವಶಿ ಮರುದಿನ ಲ್ಯಾಬಿನಲ್ಲಿ ಇರುವುದಿಲ್ಲ. ಗುತ್ತಿಗೆಯವರನ್ನು ತೆಗೆಯಲು ಒಂದು ಫೋನ್ ಸಾಕು. ಹೇಳದಿದ್ದರೆ, ಎಲ್ಲವೂ ತಿಂದಿವೆ ಎನ್ನಲು ನನಗೆ ಆಧಾರವಿಲ್ಲ.

"ಎಲ್ಲ ಕೋಣೆಗೂ ಒಂದೇ ಮುಚ್ಚಳ ಮ್ಯಾಡಮ್. ಸಡಿಲವಿತ್ತು. ನಾನು ಆಸ್ಪತ್ರೆ, ಮನೆ ಎಂದು ಓಡಾಡಿಕೊಂಡಿದ್ದೆ, ನೋಡಲಿಲ್ಲ. ಮೋರಿಯ ಜಿರಳೆಗಳು ಒಳಗೆ ಹೋಗಿವೆ. ಯಾವುದು ತಿಂದಿತು, ಯಾವುದು ಬಿಟ್ಟಿತು ಎಂದು ಹೇಳಲಿಕ್ಕೆ ಆಗುವುದಿಲ್ಲ. ಗುಂಪನ್ನೇ ತೆಗೆದುಹಾಕುತ್ತೇನೆ."

ಮ್ಯಾಡಮ್ ನನ್ನ ಮುಖವನ್ನು ಬಹಳ ಹೊತ್ತು ನೋಡಿದರು. ಬಾಗಿಲಾಚೆ ಮಾವಶಿ ನೆಲ ಒರೆಸುವ ಸಪ್ಪಳ ಕೇಳುತ್ತಿತ್ತು, ಅವರ ಕಣ್ಣು ಒಮ್ಮೆ ಅತ್ತ ಹೋಗಿ ಬಂತು. "ತುಝಂ ತೂ ಬಘ್" ಅಂದರು. ನಿನ್ನದು ನೀನೇ ನೋಡಿಕೋ ಎಂದು. ಮತ್ತೆ ಆ ವಿಷಯ ಎತ್ತಲಿಲ್ಲ.

ಅಧ್ಯಾಯ ಹರಿದುಹಾಕಿ ಮೊದಲಿನಿಂದ ಬರೆದೆ. ಉಂಡ ಕಪ್ಪೆಯಲ್ಲಿ ಅನ್ನನಾಳದಿಂದ ದೊಡ್ಡ ಕರುಳಿನವರೆಗೆ ಲೋಳೆಯ ಜೀವಕೋಶಗಳು ಎಲ್ಲೆಲ್ಲಿ, ಯಾವ ಯಾವ ಬಗೆಯವು ಎಂಬ ಬರೀ ವರ್ಣನೆ. ಅದು ಹೊಸ ಸಂಗತಿಯಲ್ಲ, ಆದ್ದರಿಂದ ಇನ್ನೊಂದು ಕೆಲಸ ಸೇರಿಸಬೇಕು ಎಂದು ಪಿಎಚ್.ಡಿ ಸಮಿತಿ ಹೇಳಿತು. ಸಂದರ್ಶನಕ್ಕೆ ನನ್ನ ಹೆಸರು ಹೋಗಲಿಲ್ಲ. ಆ ಹುದ್ದೆಗೆ ಬೇರೆಯವರು ಬಂದರು, ಒಳ್ಳೆಯವರೇ. ನಾನು ಈಗಲೂ ಗುತ್ತಿಗೆಯಲ್ಲೇ ಇದ್ದೇನೆ, ಮಾವಶಿಯೂ ಅಷ್ಟೇ. ಹೊಸ ಪ್ರಬಂಧದಲ್ಲಿ ಉಪವಾಸದ ಗುಂಪಿನ ಬಗ್ಗೆ ಇರುವುದು ಒಂದೇ ವಾಕ್ಯ: 'ಈ ಪ್ರಾಣಿಗಳಿಗೆ ಆಹಾರ ದೊರೆತಿದ್ದರಿಂದ ಗುಂಪನ್ನು ಕೈಬಿಡಲಾಗಿದೆ.'

ಮಳೆ ನಿಲ್ಲುವ ಮೊದಲು, ಹೊಂಡದಲ್ಲಿ ನೀರಿರುವಾಗಲೇ, ಉಳಿದ ಆ ಒಂದು ಕಪ್ಪೆಯನ್ನು ವಾಪಸ್ ಬಿಡಬೇಕಿತ್ತು. ಹಿಂದಿನ ಸಂಜೆ ಅದಕ್ಕೆ ಹುಳ ಹಾಕಲು ಮಾವಶಿ ಡಬ್ಬಿ ಹಿಡಿದು ಬಂದಳು.

"ಕೊಡಿ ಮಾವಶಿ, ನಾನು ಹಾಕುತ್ತೇನೆ."

ಇಷ್ಟು ದಿನದಲ್ಲಿ ಆ ತೊಟ್ಟಿಗೆ ನನ್ನ ಕೈಯಿಂದ ಒಂದು ಹುಳವೂ ಬಿದ್ದಿರಲಿಲ್ಲ. ಜಾಳಿ ತೆಗೆದೆ, ಕೆಂಪು ಚೀಟಿ ಇನ್ನೂ ಅದಕ್ಕೇ ಅಂಟಿಕೊಂಡಿತ್ತು. ಎರೆಹುಳವನ್ನು ಚಿಮಟದಲ್ಲಿ ಹಿಡಿದು ಅದರ ಮುಂದೆ ಆಡಿಸಿದೆ. ಕಪ್ಪೆ ಅಲ್ಲಾಡಲಿಲ್ಲ. ಚಿಮಟವನ್ನು ಇನ್ನೂ ಸ್ವಲ್ಪ ಹತ್ತಿರ ಒಯ್ದೆ.

"ಹೆಸರ ಹೇಳ್ರಿ, ತಿಂತದ" ಅಂದಳು ಮಾವಶಿ, ತಮಾಷೆಯೇನಲ್ಲ ಎಂಬ ದನಿಯಲ್ಲಿ.

ನಾನು ಅಪ್ಪಯ್ಯನ ಹೆಸರು ಹೇಳಿದೆ. ಪೂರ್ತಿ ಹೆಸರು, ಊರಿನ ಹೆಸರೂ ಸೇರಿಸಿ. ಅವರು ಹೋದ ಮೇಲೆ ಅದನ್ನು ನನ್ನ ಬಾಯಿಂದ ಆಡಿದ್ದು ಅದೇ ಮೊದಲು. ಮಾವಶಿ ಅದನ್ನು ತನ್ನಷ್ಟಕ್ಕೆ ಒಮ್ಮೆ ಹೇಳಿಕೊಂಡಳು, ನೆನಪಿಟ್ಟುಕೊಳ್ಳುವವಳ ಹಾಗೆ. ಕಪ್ಪೆ ಜಿಗಿದು ಹುಳ ಹಿಡಿಯಿತು. ಕಪ್ಪೆ ನುಂಗುವಾಗ ಅದರ ಕಣ್ಣುಗುಡ್ಡೆ ಒಳಕ್ಕೆ ಇಳಿಯುತ್ತದೆ, ಇಳಿದು ತುತ್ತನ್ನು ಗಂಟಲಿಗೆ ದೂಡುತ್ತದೆ. ಇದನ್ನು ನಾನು ಎಷ್ಟೋ ವರ್ಷ ಪಾಠ ಮಾಡಿದ್ದೇನೆ. ಅದು ಎರಡೂ ಕಣ್ಣು ಮುಚ್ಚಿ, ಮೇಲಿಂದ ಮೇಲೆ ಒತ್ತಿ, ಪೂರ್ತಿ ನುಂಗಿತು.

ನೋಡುತ್ತ ನಿಂತವಳಿಗೆ ಅಳು ಬಂತು. ಮಾವಶಿ ಡಬ್ಬಿ ಹಿಡಿದುಕೊಂಡು ಪಕ್ಕದಲ್ಲೇ ನಿಂತಿದ್ದಳು. ಮೂಗು ಒರೆಸಿಕೊಂಡು ಕೈ ಚಾಚಿದೆ.

"ಇನ್ನೊಂದು ಉಂಟಾ ಮಾವಶಿ?"